ಬಗ್ಗಬೇಕಾದವರು ಯಾರು?

ಕೆಲವು ತಿಂಗಳ ಹಿಂದೆ ಇಂದಿರಾನಗರದ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆಯ ಯಜಮಾನ ನನ್ನ ಜೊತೆ ಓದಿದವನು. ಓದಿನಲ್ಲೂ ದುಡಿಮೆಯಲ್ಲೂ ನನಗಿಂತ ಬಹಳ ಮುಂದೆ ಹೋದವನು. ಊಟವಾದ ಮೇಲೆ 'ಬಾರೋ, ನಿನಗೊಂದು ವಿಶೇಷ ತೋರಿಸ್ತೀನಿ' ಎಂದು ಮೇಲಿನ ಮಹಡಿಗೆ ಕರೆದುಕೊಂಡು ಹೋದ. ಅಲ್ಲೊಂದು ಜಪಾನಿ ಚಹಾ ಕೋಣೆ. ನೆಲಕ್ಕೆ ಚಾಪೆ, ಕಿಟಕಿಗೆ ಬಿಳಿ ಕಾಗದದ ಚೌಕಟ್ಟು, ಗೋಡೆಗೆ ಮಣ್ಣಿನ ಬಣ್ಣ, ಒಂದು ಬದಿಯಲ್ಲಿ ಗೂಡು, ಗೂಡಿನಲ್ಲಿ ಒಂದೇ ಒಂದು ಹೂವು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಬಾಗಿಲು ಮಾತ್ರ ಏಳೂವರೆ ಅಡಿ ಎತ್ತರದ್ದು, ಬೆರಳಲ್ಲಿ ತಳ್ಳಿದರೆ ಸರಿಯುವ ತೇಗದ ಬಾಗಿಲು.

'ಇಂಥ ಕೋಣೆಗೆ ತೀರಾ ಚಿಕ್ಕ ಬಾಗಿಲಿರುತ್ತದಲ್ಲ, ಅದೆಲ್ಲಿ?' ಎಂದು ಕೇಳಿದೆ. ಗೆಳೆಯ ನಕ್ಕುಬಿಟ್ಟ. 'ಆರ್ಕಿಟೆಕ್ಟು ನಕ್ಷೆಯಲ್ಲಿ ಹಾಕಿದ್ದರು. ನಮ್ಮ ಮನೆಗೆ ಬರೋ ದೊಡ್ಡ ದೊಡ್ಡ ಜನ ತೆವಳಿಕೊಂಡು ಒಳಗೆ ಬರೋಕಾಗುತ್ತೇನೋ? ನಾನೇ ತೆಗೆಸಿಬಿಟ್ಟೆ' ಎಂದ. ಅಷ್ಟರಲ್ಲಿ ಅಡುಗೆಯಾಕೆ ಟ್ರೇಯಲ್ಲಿ ಚಹಾ ತಂದು, ಹೊಸ್ತಿಲಾಚೆಗೇ ನಿಂತು ಕೈಗಿತ್ತು ಹೋದರು.

ವಾಪಸು ಹೊರಡುವಾಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮನೆಯ ಎದುರಿಗೆ ಕಾರು ಬರುವಷ್ಟು ಅಗಲದ ಕಬ್ಬಿಣದ ಗೇಟು. ಆ ಗೇಟಿನ ತಗಡಿನಲ್ಲೇ ಕೊರೆದ ಒಂದು ದಿಡ್ಡಿ ಬಾಗಿಲು. ಸಂಜೆಯ ಕೆಲಸಕ್ಕೆ ಬಂದ ಹೆಂಗಸೊಬ್ಬರು ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ಅದರೊಳಗೆ ನುಸುಳಿ ಬಂದರು. ಬಂದವರೇ ಕೈಯಲ್ಲಿದ್ದ ಚೀಲವನ್ನು ಬಿಚ್ಚಿ ವಾಚ್‌ಮನ್‌ಗೆ ತೋರಿಸಿದರು. ನನ್ನ ಗೆಳೆಯ ಚಿಕ್ಕ ಬಾಗಿಲನ್ನು ತೆಗೆಸಿರಲಿಲ್ಲ. ಅದನ್ನು ಮೇಲಿನ ಮಹಡಿಯಿಂದ ಕೆಳಗಿನ ಗೇಟಿಗೆ ಸಾಗಿಸಿದ್ದ, ಅಷ್ಟೆ.

ಈ ಲೇಖನ ಆ ಬಾಗಿಲಿನ ಬಗ್ಗೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಈಗ ಜಪಾನಿ ಮಾದರಿಯ ಒಳಾಂಗಣಕ್ಕೆ ಒಳ್ಳೆಯ ಮಾರುಕಟ್ಟೆಯಿದೆ. 'ಸರಳತೆ', 'ಮಿನಿಮಲಿಸಂ', 'ವಾಬಿ-ಸಾಬಿ' ಎಂಬ ಪದಗಳು ಫಾಲ್ಸ್ ಸೀಲಿಂಗಿನಷ್ಟೇ ಸಲೀಸಾಗಿ ಮಾರಾಟವಾಗುತ್ತಿವೆ. ಕೊಳ್ಳುವವರು ಕೊಳ್ಳಲಿ, ನಮಗೇನೂ ತಕರಾರಿಲ್ಲ. ಆದರೆ ಒಂದು ಸಂಸ್ಕೃತಿಯಿಂದ ಚಾಪೆಯನ್ನೂ ಬಿದಿರನ್ನೂ ಎತ್ತಿಕೊಂಡು, ಅವುಗಳ ಹಿಂದಿದ್ದ ಸಾಮಾಜಿಕ ಅರ್ಥವನ್ನು ಹೊರಗೆಸೆದು, ಉಳಿದದ್ದನ್ನೇ 'ಅಧ್ಯಾತ್ಮ' ಎಂದು ಕರೆಯುವುದು ಮೋಸ. ಆ ಮೋಸ ಜಪಾನಿಗೆ ಆಗುತ್ತಿರುವುದಕ್ಕಿಂತ ಹೆಚ್ಚಾಗಿ ನಮಗೇ ಆಗುತ್ತಿದೆ.

ಮೊದಲು ಆ ಕೋಣೆ ಏನು ಎಂಬುದನ್ನು ನೋಡೋಣ. ಜಪಾನಿ ಭಾಷೆಯಲ್ಲೂ ಚಹಾಕ್ಕೆ 'ಚಾ' ಎಂದೇ ಹೆಸರು. ನಮ್ಮ ಚಹಾ, ಶಿವಾಜಿನಗರದ ಚಾಯ್, ಅವರ ಚಾ ಎಲ್ಲವೂ ಒಂದೇ ಚೀನೀ ಬೇರಿನವು. ಚಹಾ ಕೋಣೆಗೆ ಅವರು 'ಚಾಶಿತ್ಸು' ಎನ್ನುತ್ತಾರೆ. ಆರು ಅಡಿ ಉದ್ದ ಮೂರು ಅಡಿ ಅಗಲದ ತತಾಮಿ ಚಾಪೆಯೇ ಅಲ್ಲಿನ ಅಳತೆ. ನಾಲ್ಕೂವರೆ ಚಾಪೆಯ ಕೋಣೆ, ಅಂದರೆ ಸುಮಾರು ಒಂಬತ್ತು ಅಡಿ ಚೌಕ, ಸಾಮಾನ್ಯವಾದ ಗಾತ್ರ. ಈ ಅಳತೆಗೂ ನಮಗೂ ನಂಟಿದೆ. ವೈಶಾಲಿಯ ಗೃಹಸ್ಥ ವಿಮಲಕೀರ್ತಿಯ ಪುಟ್ಟ ಕೋಣೆಯಲ್ಲಿ ಸಾವಿರಾರು ಮಂದಿಗೆ ಆಸನ ಸಿಕ್ಕಿತೆಂಬ ಬೌದ್ಧ ಕಥೆಯನ್ನು ಜಪಾನೀಯರು ಈ ಕೋಣೆಯೊಂದಿಗೆ ಸೇರಿಸಿ ಹೇಳುತ್ತಾರೆ.

ಅತಿಥಿ ನೇರವಾಗಿ ಒಳಗೆ ನುಗ್ಗುವಂತಿಲ್ಲ. ಮೊದಲು ಹೊರಗಿನ ಬೆಂಚಿನ ಮೇಲೆ ಕಾಯಬೇಕು. ಆಮೇಲೆ 'ರೋಜಿ' ಎಂಬ ಪುಟ್ಟ ತೋಟದ ಕಲ್ಲುಹಾಸಿನ ಮೇಲೆ ನಡೆಯಬೇಕು. ದಾರಿಯಲ್ಲಿ ತಗ್ಗಿನಲ್ಲಿಟ್ಟ ಕಲ್ಲಿನ ತೊಟ್ಟಿ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಬಾಯಿ ತೊಳೆಯಬೇಕು. ಮಸೀದಿಯ ಹೌಜ್‌ನಲ್ಲಿ ವುಜೂ ಮಾಡಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಬರುವುದೇ 'ನಿಜಿರಿಗುಚಿ', ತೆವಳಿ ಹೋಗುವ ಬಾಗಿಲು. ಎತ್ತರ ಅಗಲ ಎರಡೂ ಸುಮಾರು ಎರಡು ಅಡಿ, ಅದಕ್ಕಿಂತ ತುಸು ಹೆಚ್ಚು. ಸೊಂಟದಲ್ಲಿ ಕತ್ತಿಯಿದ್ದರೆ ಅದರಲ್ಲಿ ತೂರಲು ಆಗುವುದಿಲ್ಲ. ಆದ್ದರಿಂದ ಸೂರಿನ ಕೆಳಗೆ, ಹೊರಗೋಡೆಯ ಮೇಲೆ ಕತ್ತಿ ಇಡುವ ಹಲಗೆ. ಸಮುರಾಯಿಯಾಗಲಿ, ಸೀಮೆಯ ಒಡೆಯನಾಗಲಿ ಕತ್ತಿಯನ್ನು ಅಲ್ಲಿ ಬಿಟ್ಟು, ಮಂಡಿ ಊರಿ, ತಲೆ ತಗ್ಗಿಸಿ ಒಳಗೆ ಬರಬೇಕು.

ಒಳಗೆ ಕುರ್ಚಿಯಿಲ್ಲ, ಪೀಠವಿಲ್ಲ. ಎಲ್ಲರೂ ಚಾಪೆಯ ಮೇಲೆ, ಮಂಡಿಗೆ ಮಂಡಿ ತಾಗಿಸಿ. ಚಹಾ ಮಾಡುವವನು ಆಳಲ್ಲ, ಮನೆಯ ಯಜಮಾನನೇ. ಕೆಂಡ ಹಾಕುವುದು, ನೀರು ಕಾಯಿಸುವುದು, ಬಟ್ಟಲು ಒರೆಸುವುದು ಎಲ್ಲವೂ ಅವನದೇ ಕೆಲಸ, ಅದೂ ಅತಿಥಿಗಳ ಕಣ್ಣೆದುರಿಗೆ. ಗಟ್ಟಿ ಚಹಾವನ್ನು ಒಂದೇ ಬಟ್ಟಲಿನಲ್ಲಿ ಕಲಸಿ ಕೊಡುತ್ತಾರೆ. ಒಬ್ಬ ಕುಡಿದು, ಅಂಚು ಒರೆಸಿ, ಪಕ್ಕದವನಿಗೆ ದಾಟಿಸುತ್ತಾನೆ. ಎಂಜಲು ಎಂಬ ಮಾತಿನ ಮೇಲೆ ಸಾವಿರಾರು ವರ್ಷ ಸಮಾಜ ಕಟ್ಟಿದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ಈ ಕೋಣೆಗೆ ಈ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಸೆನ್ ನೋ ರಿಕ್ಯೂ. 1522ರಲ್ಲಿ ಸಕಾಯಿ ಎಂಬ ಬಂದರಿನ ವ್ಯಾಪಾರಿ ಮನೆಯಲ್ಲಿ ಹುಟ್ಟಿದವನು. ಕ್ಯೋತೋ ಮತ್ತು ಒಸಾಕಾ ನಡುವಿನ ಯಮಜಾಕಿಯಲ್ಲಿರುವ 'ತಾಯ್-ಅನ್' ಎಂಬ ಕೋಣೆ 1582ರ ಸುಮಾರಿನದು, ಅವನೇ ರೂಪಿಸಿದ್ದೆಂದು ನಂಬಲಾಗಿದೆ. ಕೂರುವ ಜಾಗ ಬರೀ ಎರಡು ಚಾಪೆ, ಆರಡಿ ಚೌಕ. ಗೋಡೆ ಹುಲ್ಲು ಬೆರೆಸಿದ ಮಣ್ಣಿನದು. ಚಿಕ್ಕ ಬಾಗಿಲಿನ ಯೋಚನೆ ಅವನಿಗೆ ಬಂದದ್ದು ನದಿಯ ದೋಣಿಯ ಗೂಡಿನೊಳಗೆ ಜನ ನುಸುಳುವುದನ್ನು ಕಂಡು ಎಂಬ ಮಾತೂ ಇದೆ. ಅಂದರೆ ಅದು ಅರಮನೆಯ ಬಾಗಿಲಲ್ಲ, ದುಡಿಯುವವರ ಬಾಗಿಲು. ಬಡವರು ದಿನಾ ಬಗ್ಗುವ ಬಾಗಿಲಲ್ಲಿ ದೊರೆಯೂ ಒಮ್ಮೆ ಬಗ್ಗಲಿ ಎಂಬುದು ಅದರ ಮರ್ಮ. ಕೊರಿಯಾದ ರೈತರು ಅನ್ನ ಉಣ್ಣುತ್ತಿದ್ದ ಒರಟು ಬಟ್ಟಲುಗಳೇ ಆ ಕಾಲದ ಚಹಾ ಪ್ರಿಯರಿಗೆ ಅತ್ಯಂತ ಬೆಲೆಯುಳ್ಳವಾದದ್ದು ಇದೇ ದೃಷ್ಟಿಯಿಂದ.

ರಿಕ್ಯೂನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಅವನು ಆ ಕಾಲದ ಸರ್ವಾಧಿಕಾರಿ ಹಿದೆಯೋಶಿಯ ಆಸ್ಥಾನದಲ್ಲಿ ಇದ್ದವನು. ಅದೇ ಹಿದೆಯೋಶಿ 1586ರಲ್ಲಿ ಚಿನ್ನದ ತಗಡು ಹೊದಿಸಿದ, ಬಿಚ್ಚಿ ಸಾಗಿಸಬಹುದಾದ ಚಹಾ ಕೋಣೆಯೊಂದನ್ನು ಚಕ್ರವರ್ತಿಯ ಅರಮನೆಗೇ ತಂದು ತೋರಿಸಿದ. 1587ರಲ್ಲಿ ಕಿತಾನೋ ದೇಗುಲದ ಅಂಗಳದಲ್ಲಿ ದೊಡ್ಡ ಚಹಾ ಕೂಟ ಕರೆದು, ಆಳುಗಳು ರೈತರು ಯಾರು ಬೇಕಾದರೂ ಒಂದು ಕೆಟಲು ಒಂದು ಬಟ್ಟಲು ಹಿಡಿದು ಬರಬಹುದೆಂದು ಸಾರಿದ. ಹತ್ತು ದಿನ ನಡೆಯಬೇಕಿದ್ದ ಕೂಟ ಒಂದೇ ದಿನಕ್ಕೆ ಮುಗಿಯಿತು. ಸಮಾನತೆಯ ಪ್ರದರ್ಶನ ದೊರೆಗಳಿಗೆ ಇಷ್ಟ. ಸಮಾನತೆ ಬೇರೆ ಮಾತು. 1591ರಲ್ಲಿ ಎಪ್ಪತ್ತರ ಅಂಚಿನಲ್ಲಿದ್ದ ರಿಕ್ಯೂಗೆ ಹೊಟ್ಟೆ ಸೀಳಿಕೊಂಡು ಸಾಯುವಂತೆ ಹಿದೆಯೋಶಿ ಆಜ್ಞೆ ಮಾಡಿದ. ಕಾರಣ ಏನೆಂಬ ವಾದ ಇಂದಿಗೂ ಮುಗಿದಿಲ್ಲ. ಹೇಳುವ ಕಾರಣಗಳಲ್ಲಿ ಒಂದು ಇದು: ದೈತೊಕುಜಿ ಮಠದ ಹೆಬ್ಬಾಗಿಲಿನ ಮೇಲಂತಸ್ತಿನಲ್ಲಿ ರಿಕ್ಯೂನ ಮರದ ಪ್ರತಿಮೆ ಇಟ್ಟಿದ್ದರು, ಅದರ ಕೆಳಗೆ ಹಿದೆಯೋಶಿ ಹಾದುಹೋಗಬೇಕಾಗಿತ್ತು. ಚಹಾಕ್ಕಾಗಿ ಚಿಕ್ಕ ಬಾಗಿಲಲ್ಲಿ ಬಗ್ಗಿದ್ದ ದೊರೆಗೆ ಹೆಬ್ಬಾಗಿಲಲ್ಲಿ ಒಬ್ಬ ವ್ಯಾಪಾರಿಯ ಕಾಲಡಿ ನಡೆಯುವುದು ಸಹಿಸಲಾಗಲಿಲ್ಲ.

ಮುಂದೆ ನಡೆದದ್ದು ಇನ್ನೂ ಗಮನಿಸಬೇಕಾದದ್ದು. ರಿಕ್ಯೂನ ಶಿಷ್ಯನೇ ಆದ ಒರಿಬೆ, ಮುಖ್ಯ ಅತಿಥಿಗೂ ಅವನ ಹಿಂಬಾಲಕರಿಗೂ ಬೇರೆ ಬೇರೆ ಜಾಗವಿರುವ ಕೋಣೆಯನ್ನು ರೂಪಿಸಿದ. ಗಣ್ಯರು ನಿಂತುಕೊಂಡೇ ಬರಲು 'ಕಿನಿನ್‌ಗುಚಿ' ಎಂಬ ಎತ್ತರದ ಬಾಗಿಲೂ ಚಹಾ ಕೋಣೆಗಳಿಗೆ ಬಂತು. ಗುರು ಗೋಡೆಯಲ್ಲಿ ಬರೆದ ಸಮಾನತೆಯನ್ನು ಶಿಷ್ಯರು ಗೋಡೆಯಲ್ಲೇ ಅಳಿಸಿದರು. ಹೀಗಾಗಿ ಇಂದಿರಾನಗರದ ನನ್ನ ಗೆಳೆಯ ಮೊದಲಿಗನಲ್ಲ, ನಾನೂರು ವರ್ಷದ ಪರಂಪರೆಯ ವಾರಸುದಾರ.

ಈಗ ನಮ್ಮ ಬಾಗಿಲುಗಳಿಗೆ ಬರೋಣ. 1809ರಲ್ಲಿ ದಂಡು ಬಂದು ಬೆಂಗಳೂರು ಎರಡು ಊರಾಯಿತು. ದಂಡು ಪ್ರದೇಶದ ಬಂಗಲೆಗಳನ್ನು ಇವತ್ತು 'ಪರಂಪರೆ' ಎಂದು ಹೊಗಳುತ್ತೇವೆ. ಮಂಕಿ ಟಾಪ್ ಕಿಟಕಿ, ಕೆಂಪು ನೆಲ, ಹೆಂಚಿನ ಮಾಡು, ಅಗಲದ ವರಾಂಡ ಎಲ್ಲವೂ ಸುಂದರವೇ. ಆದರೆ ಆ ನಕ್ಷೆಯನ್ನು ಇನ್ನೊಮ್ಮೆ ನೋಡಿ. ಮುಂದೆ ದೊರೆಯ ಗಾಡಿ ನಿಲ್ಲುವ ಪೋರ್ಟಿಕೋ, ಹಿಂದೆ ಕಾಂಪೌಂಡಿನ ಮೂಲೆಯಲ್ಲಿ ಆಳುಗಳ ಔಟ್‌ಹೌಸ್, ನಡುವೆ ಹಿಂಬಾಗಿಲು. ಚಹಾ ಮಾಡುವವನು ಹಿಂದಿನಿಂದ ಬಂದು ಹಿಂದಕ್ಕೇ ಹೋಗಬೇಕು. 1947ರಲ್ಲಿ ಬ್ರಿಟಿಷರು ಹೋದರು, ಹಿಂಬಾಗಿಲು ಹೋಗಲಿಲ್ಲ. ಇಂದು ಕೆ.ಆರ್. ಪುರದಾಚೆಗೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಅದಕ್ಕೆ 'ಸರ್ವಿಸ್ ಲಿಫ್ಟ್' ಎಂದು ಹೆಸರು.

ಬ್ರಿಟಿಷರನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. 1890ರಲ್ಲಿ ಪುಣೆಯ ಪಂಚ್ ಹೌದ್ ಮಿಷನ್‌ನಲ್ಲಿ ಚಹಾ ಕುಡಿದದ್ದಕ್ಕೆ ರಾನಡೆ, ತಿಲಕರಂಥವರ ಮೇಲೂ ಜಾತಿ ಕೆಟ್ಟ ಆರೋಪ ಬಂದು, ವಿಷಯ ಶಂಕರಾಚಾರ್ಯರವರೆಗೆ ಹೋಗಿತ್ತು. ಪ್ರಶ್ನೆ ಚಹಾದ್ದಲ್ಲ, ಯಾರ ಸೂರಿನಡಿ, ಯಾರ ಕೈಯಿಂದ ಎಂಬುದು. ಕನ್ನಡ ನಾಡಿನ ಹೋಟೆಲುಗಳಲ್ಲಿ ಜಾತಿಯ ಬೋರ್ಡು, ಜಾತಿಗೊಂದು ಪಂಕ್ತಿ ಇದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಎರಡು ಲೋಟದ ಪದ್ಧತಿಯ ಸುದ್ದಿ ಈ ಶತಮಾನದಲ್ಲೂ ಬಂದಿದೆ. ನಮ್ಮ ಸಂವಿಧಾನ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳನ್ನು ಹೆಸರಿಟ್ಟು ಹೇಳಿ, ಅಲ್ಲಿಗೆ ಯಾರನ್ನೂ ಜಾತಿ ಧರ್ಮದ ಕಾರಣಕ್ಕೆ ತಡೆಯುವಂತಿಲ್ಲ ಎಂದಿತು. 1955ರ ಕಾಯ್ದೆ ಹೋಟೆಲಿನ ಪಾತ್ರೆಗಳನ್ನೂ ಹೆಸರಿಸಿತು. ಒಂದು ದೇಶದ ಕಾನೂನು ಲೋಟದ ಬಗ್ಗೆ ಬರೆಯಬೇಕಾಯಿತೆಂದರೆ ಆ ದೇಶದಲ್ಲಿ ಚಹಾ ಕೋಣೆ ಎಷ್ಟು ದೊಡ್ಡ ವಿಷಯ ಎಂಬುದನ್ನು ಯೋಚಿಸಿ.

ಈ ಹಿನ್ನೆಲೆಯಲ್ಲಿ ಶಿವಾಜಿನಗರದ ಟೀ ಹೋಟೆಲನ್ನು ನೋಡಬೇಕು. ನಾನು ಯಾವುದೋ ಒಂದು ಹೋಟೆಲಿನ ಮಾತಾಡುತ್ತಿಲ್ಲ, 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತಲ ಗಲ್ಲಿಗಳ ಆ ಮಾದರಿಯ ಮಾತಾಡುತ್ತಿದ್ದೇನೆ. ಹತ್ತಡಿ ಅಗಲದ ಮಳಿಗೆ. ಬಾಗಿಲೇ ಇಲ್ಲ, ರೋಲಿಂಗ್ ಶಟರ್ ಎತ್ತಿದರೆ ಬೀದಿಗೂ ಒಳಗೂ ನಡುವೆ ಒಂದು ಮೆಟ್ಟಿಲು. ಒಲೆ ಹಿಂದಿನ ಅಡುಗೆಮನೆಯಲ್ಲಿಲ್ಲ, ಮುಂದೆ, ಬೀದಿಗೆ ಮುಖ ಮಾಡಿ. ಹಾಲು ಕಾಯುವುದು, ಡಿಕಾಕ್ಷನ್ ಬಟ್ಟೆಯಲ್ಲಿ ಸೋಸುವುದು, ಎತ್ತರದಿಂದ ಹೊಯ್ಯುವುದು ಎಲ್ಲವೂ ಗಿರಾಕಿಯ ಕಣ್ಣೆದುರಿಗೆ. ಗಲ್ಲಾದಲ್ಲಿ ಮಾಲೀಕ. ಆಚೀಚೆ ಗೋಡೆಗೆ ಒತ್ತಿದ ಬೆಂಚು, ಕಿರಿದಾದ ಮೇಜು. ಒಳಗಿನವನು ಏಳಬೇಕಾದರೆ ಪಕ್ಕದವನೂ ಏಳಬೇಕು. ಖಾಲಿ ಮೇಜಿಗೆ ಕಾಯುವ ಪದ್ಧತಿಯಿಲ್ಲ, 'ಜರಾ ಸರ್ಕೋ ಭಾಯ್' ಎಂದರೆ ಸಾಕು, ಕೂತವನು ಸರಿಯುತ್ತಾನೆ.

ಆ ಬೆಂಚಿನ ಮೇಲೆ ನಾನು ಕಂಡವರು: ಮೀನಿನ ಬುಟ್ಟಿ ಇಳಿಸಿ ಬಂದ ತಮಿಳು ಕೂಲಿ, ಗುಜರಿ ವ್ಯಾಪಾರಿ, ಆಟೋ ಡ್ರೈವರು, ಕೋರ್ಟಿನ ಗುಮಾಸ್ತ, ಸೆಪ್ಟೆಂಬರಿನ ಹಬ್ಬಕ್ಕೆ ಕಾವಿ ಬಟ್ಟೆಯುಟ್ಟು ಸಂತ ಮೇರಿ ಬೆಸಿಲಿಕಾಗೆ ನಡೆದು ಬಂದ ಕ್ರೈಸ್ತ ಹರಕೆಯವರು, ತರಾವೀಹ್ ಮುಗಿಸಿ ಬಂದ ಹುಡುಗರು. ಕೈಯಲ್ಲಿ ಕಾಸು ಕಡಿಮೆಯಿದ್ದರೆ 'ಬೈ ಟು'. ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚಿ ತಂದಿಡುವ ಈ ಪದ್ಧತಿಯನ್ನು ಬೆಂಗಳೂರಿನವರು ಯಾವ ಗುರುವಿನಿಂದಲೂ ಕಲಿತದ್ದಲ್ಲ. ಹಳ್ಳಿಯಲ್ಲಿ ಎರಡು ಲೋಟವೆಂದರೆ ದೂರ ಇಡುವುದು, ಇಲ್ಲಿ ಎರಡು ಲೋಟವೆಂದರೆ ಹಂಚಿಕೊಳ್ಳುವುದು. ಲೋಟ ಅವೇ, ಇಡುವ ಜಾಗ ಬೇರೆ.

'ಇದು ಬರೀ ವ್ಯಾಪಾರ, ಇದರಲ್ಲಿ ಸಮಾನತೆ ಎಲ್ಲಿಂದ ಬಂತು?' ಎಂದು ಕೇಳುವವರಿದ್ದಾರೆ. ವ್ಯಾಪಾರವೇ ಸರಿ. ರಿಕ್ಯೂ ಕೂಡ ವ್ಯಾಪಾರಿಯೇ. ಮನಸ್ಸು ಒಳ್ಳೆಯದಾಗುವವರೆಗೆ ಕಾದು ಕೂತರೆ ಸಮಾನತೆ ಬರುವುದಿಲ್ಲ. ಕೂರುವ ಜಾಗವೇ ಹಾಗಿದ್ದರೆ ಮನಸ್ಸು ಅದಕ್ಕೆ ಹೊಂದಿಕೊಳ್ಳುತ್ತದೆ. ವಾಸ್ತುಶಿಲ್ಪದ ಶಕ್ತಿ ಇರುವುದು ಅಲ್ಲಿ. 'ಗಲೀಜು' ಎನ್ನುವವರೂ ಇದ್ದಾರೆ. ಗಲೀಜಿದ್ದರೆ ನೀರು ಕೊಡಿ, ಚರಂಡಿ ಕೊಡಿ, ಕಸ ಎತ್ತಿ. ತೆರಿಗೆ ಕೊಡುವ ಬೀದಿಗೆ ಅಷ್ಟು ಮಾಡದೆ ಮೂಗು ಮುಚ್ಚಿಕೊಳ್ಳುವುದು ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ನನ್ನ ತಾಯಿ ಬದುಕಿನ ಬಹುಪಾಲನ್ನು ಶಿವಾಜಿನಗರದಲ್ಲೇ ಕಳೆದರು. ರಸೆಲ್ ಮಾರ್ಕೆಟ್ಟಿನಲ್ಲಿ ಅವರು ಚೌಕಾಸಿ ಮಾಡದ ಅಂಗಡಿಯಿರಲಿಲ್ಲ. ಆದರೆ ಅಲ್ಲಿನ ಯಾವ ಟೀ ಹೋಟೆಲಿನ ಬೆಂಚಿನ ಮೇಲೂ ಅವರು ಕೂತದ್ದನ್ನು ನಾನು ಕಾಣಲಿಲ್ಲ. ತೂಕದ ಚೀಲ ಹಿಡಿದು ಬಿಸಿಲಿನಲ್ಲಿ ನಿಂತು, ನನ್ನನ್ನು ಒಳಗೆ ಕಳಿಸಿ, 'ಬೇಗ ಕುಡಿದು ಬಾ ಬೇಟಾ' ಎನ್ನುತ್ತಿದ್ದರು. ನಾನು ಕುಡಿದು ಬರುತ್ತಿದ್ದೆ. ಅಮ್ಮಿಗೂ ಬಾಯಾರಿರಬಹುದು ಎಂಬುದು ನನಗೆ ಹೊಳೆದದ್ದು ಅವರು ಹೋದ ಮೇಲೆ. ದೊಡ್ಡ ಹೋಟೆಲುಗಳಲ್ಲಿ ಪರದೆ ಎಳೆದ 'ಫ್ಯಾಮಿಲಿ ರೂಮ್' ಇರುತ್ತದೆ ಎಂದು ಸಮಾಧಾನ ಹೇಳಬೇಡಿ. ಗಂಡಸಿನ ಜೊತೆ ಬಂದರೆ ಮಾತ್ರ ಹೆಣ್ಣಿಗೆ ಸಿಗುವ ಆ ಕತ್ತಲೆ ಮೂಲೆಯೂ ಒಂದು ಹಿಂಬಾಗಿಲೇ.

ಜಪಾನಿನ ಚಹಾ ಕೋಣೆಯೂ ಬಹುಕಾಲ ಮುಖ್ಯವಾಗಿ ಗಂಡಸರದೇ ಆಗಿತ್ತು. 1868ರ ನಂತರದ ಬದಲಾವಣೆಗಳಲ್ಲಿ ಅದು ಹೆಣ್ಣುಮಕ್ಕಳ ಶಾಲೆಗಳಿಗೆ ಬಂತು. ಇಂದು ಅದನ್ನು ಕಲಿಯುವವರಲ್ಲಿ ಹೆಂಗಸರೇ ಹೆಚ್ಚು. 1872ರಲ್ಲಿ ಕ್ಯೋತೋದ ವಸ್ತುಪ್ರದರ್ಶನಕ್ಕೆ ಬರುವ ವಿದೇಶಿಯರಿಗಾಗಿ, ಉರಾಸೆಂಕೆ ಮನೆತನದ ಗುರುವೇ ಮೇಜು ಕುರ್ಚಿಯಲ್ಲಿ ಕೂತು ಚಹಾ ಮಾಡುವ ಕ್ರಮ ರೂಪಿಸಿದ. ಪರಂಪರೆ ಎಂದರೆ ಕದಲಬಾರದು ಎಂದು ಅವರು ಹಟ ಹಿಡಿಯಲಿಲ್ಲ. ನಮ್ಮ ಬೆಂಚು ಒಂದು ಗೇಣು ಸರಿಯಲು ಏನು ಅಡ್ಡಿ? ನಮ್ಮ ಮನೆಗಳಲ್ಲಿ ಕಕ್ಕಸು ತೊಳೆಯಲು ಬರುವವರಿಗೆ ಯಾವ ಲೋಟದಲ್ಲಿ ಚಹಾ ಕೊಡುತ್ತೇವೆ, ಆ ಲೋಟವನ್ನು ಎಲ್ಲಿಡುತ್ತೇವೆ ಎಂಬುದನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ಒಂದೇ ದಸ್ತರಖಾನ್ ಎಂದು ಹೆಮ್ಮೆಪಡುವವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು.

ಕೂತು ಚಹಾ ಕುಡಿಯುವ ಜಾಗಗಳು ಈ ನಗರದಲ್ಲಿ ಕರಗುತ್ತಿವೆ. 2009ರಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ತನ್ನ ಹಳೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋದಾಗ ಪತ್ರಿಕೆಗಳು ಕಣ್ಣೀರು ಹಾಕಿದವು, ಅದು ಸರಿಯೇ. ರಸ್ತೆ ಅಗಲೀಕರಣಕ್ಕೋ ಬಾಡಿಗೆ ಏರಿಕೆಗೋ ಹಲಸೂರಿನಲ್ಲಿ, ಟಿನ್ ಫ್ಯಾಕ್ಟರಿಯ ಬಳಿ, ಶಿವಾಜಿನಗರದಲ್ಲಿ ಶಟರ್ ಎಳೆದುಕೊಳ್ಳುವ ಟೀ ಹೋಟೆಲುಗಳಿಗೆ ಯಾರೂ ಅಳುವುದಿಲ್ಲ. ಅವುಗಳ ಜಾಗಕ್ಕೆ ಬರುವುದು ಕಾಗದದ ಕಪ್ಪು. ನಿಂತು ಕುಡಿದು ಹೊರಡಬೇಕು. ಇನ್ನೊಂದು ಕಡೆ ನೂರಾರು ರೂಪಾಯಿಯ ಮಾಚ್ಚಾ ಕೊಡುವ ಕೆಫೆ. ಅಲ್ಲಿ ಗಾಜಿನಾಚೆಗೆ ಬೈಕಿನ ಮೇಲೆ ಕೂತು ಪಾರ್ಸಲಿಗೆ ಕಾಯುವ ಹುಡುಗನಿಗೆ ಒಂದು ಸ್ಟೂಲೂ ಇರುವುದಿಲ್ಲ. ರಿಕ್ಯೂನ ಕೋಣೆಯಲ್ಲಿ ಕಾಯುವವರಿಗೆಂದೇ ಬೆಂಚು ಇತ್ತು. ನಮ್ಮ ವಿನ್ಯಾಸಕಾರರ ಕಣ್ಣಿಗೆ ಬಿದಿರು ಬಿತ್ತು, ಬೆಂಚು ಬೀಳಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಶಿವಾಜಿನಗರವನ್ನು 'ಅಭಿವೃದ್ಧಿ' ಮಾಡಲು ಹೊರಡುವ ನಗರಪಾಲಿಕೆ ಕಾರು ನಿಲ್ಲಿಸುವ ಜಾಗವನ್ನು ಲೆಕ್ಕ ಹಾಕುವಂತೆ ಜನ ಕೂರುವ ಬೆಂಚುಗಳನ್ನೂ ಲೆಕ್ಕ ಹಾಕಲಿ, ಎಷ್ಟು ತೆಗೆದರೋ ಅಷ್ಟನ್ನು ಮರಳಿ ಕೊಡಲಿ. ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡಲು 2014ರಲ್ಲೇ ಸಂಸತ್ತು ಕಾಯ್ದೆ ಮಾಡಿದೆ, ಗಾಡಿಯ ಚಹಾದವನನ್ನು ಓಡಿಸುವ ಮೊದಲು ಅದನ್ನು ಓದಲಿ. ನಮ್ಮ ಹೋಟೆಲು ಮಾಲೀಕರು ಮುಂದಿನ ಬೆಂಚಿನಲ್ಲಿ ಹೆಂಗಸರು ಕೂರುವಂತೆ ಮಾಡಲಿ. ಜಪಾನಿ ಕೋಣೆ ಕಟ್ಟುವ ಆರ್ಕಿಟೆಕ್ಟುಗಳು ಧೈರ್ಯವಿದ್ದರೆ ಚಿಕ್ಕ ಬಾಗಿಲನ್ನೂ ಕಟ್ಟಲಿ. ಇಲ್ಲವಾದರೆ ಅದನ್ನು ಚಾಪೆ ಹಾಸಿದ ಡ್ರಾಯಿಂಗ್ ರೂಮ್ ಎಂದು ಕರೆಯಲಿ.

ಇದನ್ನೆಲ್ಲ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. 'ನಿನ್ನ ಶಿವಾಜಿನಗರಕ್ಕೇ ಬರ್ತೀನಿ ಬಿಡೋ, ಕಾರು ಎಲ್ಲಿ ನಿಲ್ಲಿಸೋದು ಹೇಳು' ಎಂದ. ಹಲಸೂರಿನ ಕಡೆಯಿಂದ ಬಸ್ಸು ಇದೆ ಎಂದೆ. ನಕ್ಕ. ಅವನು ಬರುವುದು ಬಿಡುವುದು ಅವನಿಗೆ ಸೇರಿದ್ದು. ಅದಕ್ಕೂ ಮೊದಲು ಅವನು ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಸಂಜೆ ಕೆಲಸಕ್ಕೆ ಬರುವ ಆ ತಾಯಿಗೆ ದೊಡ್ಡ ಗೇಟನ್ನು ತೆರೆಯಲು ವಾಚ್‌ಮನ್‌ಗೆ ಹೇಳಲಿ. ಒಂದು ದಿನವಾದರೂ ಆಕೆಯನ್ನು ಆ ಚಾಪೆಯ ಮೇಲೆ ಕೂರಿಸಿ, ಚಹಾವನ್ನು ತಾನೇ ಮಾಡಿ ಕೊಡಲಿ. ಆಗ ಅದು ಚಹಾ ಕೋಣೆಯಾಗುತ್ತದೆ, ಬಾಗಿಲು ಎಷ್ಟೇ ಎತ್ತರವಿರಲಿ.